ಅಪ್ಪನಿಗಿಂತ ಹಿರಿಯ ಮಗ

1948ರಲ್ಲಿ ತೆರೆಕಂಡ ‘ದಿ ಫೆದರ್ಡ್ ಸರ್ಪೆಂಟ್’ ಎಂಬ ಹಾಲಿವುಡ್ ಪತ್ತೇದಾರಿ ಚಿತ್ರದಲ್ಲಿ ಕೀ ಲ್ಯೂಕ್ ಅವರದು ಪತ್ತೇದಾರ ಚಾರ್ಲಿ ಚಾನ್‌ನ ಹಿರಿಮಗನ ಪಾತ್ರ. ಅಪ್ಪನಾಗಿದ್ದವರು ರೋಲಂಡ್ ವಿಂಟರ್ಸ್. ಇಬ್ಬರೂ 1904ರಲ್ಲಿ ಹುಟ್ಟಿದವರು. ಮಗ ಜೂನ್‌ನಲ್ಲಿ, ಅಪ್ಪ ನವೆಂಬರಿನಲ್ಲಿ! ಮಗ ಹುಟ್ಟಿದ್ದು ಚೀನಾದ ಗ್ವಾಂಗ್‌ಝೌನಲ್ಲಿ. ಅಪ್ಪ ಬಾಸ್ಟನ್ನಿನ ಬಿಳಿಯ.

ಚಾರ್ಲಿ ಚಾನ್ ಹೊನೊಲುಲು ಪೊಲೀಸ್ ಇಲಾಖೆಯ ಚೀನಿ ಪತ್ತೇದಾರ. ಅರ್ಲ್ ಡೆರ್ ಬಿಗರ್ಸ್ ಎಂಬ ಅಮೆರಿಕನ್ ಲೇಖಕ 1925ರ ಕಾದಂಬರಿಯೊಂದರಲ್ಲಿ ಅವನನ್ನು ಸೃಷ್ಟಿಸಿದರು. ಮರುವರ್ಷವೇ ಅದು ಧಾರಾವಾಹಿ ಚಿತ್ರವಾದಾಗ ಚಾನ್ ಆಗಿದ್ದವರು ಜಪಾನ್ ಮೂಲದ ಜಾರ್ಜ್ ಕುವಾ. 1929ರಲ್ಲಿ ಇ. ಎಲ್. ಪಾರ್ಕ್ ಎಂಬ ಏಷ್ಯನ್ ನಟ ಅದೇ ಪಾತ್ರದಲ್ಲಿ ಚಿತ್ರದ ಕೊನೆಗೆ ಕೆಲವೇ ನಿಮಿಷ ಬಂದುಹೋದರು. ಪಾತ್ರ ಚಿಕ್ಕದಿರುವವರೆಗೆ ಏಷ್ಯಾದ ಮುಖ ನಡೆಯಿತು. 1931ರಲ್ಲಿ ಚಾನ್ ನಾಯಕನಾದ ಕೂಡಲೇ ಆ ಪಾತ್ರ ಸ್ವೀಡನ್ನಿನಲ್ಲಿ ಹುಟ್ಟಿದ ವಾರ್ನರ್ ಓಲಂಡ್ ಪಾಲಾಯಿತು. ಅವರ ನಂತರ ಸಿಡ್ನಿ ಟೋಲರ್, ಆಮೇಲೆ ವಿಂಟರ್ಸ್. ಚಾನ್ ಬುದ್ಧಿವಂತ, ಸಭ್ಯ, ಬಿಳಿಯ ಅಧಿಕಾರಿಗಳೆಲ್ಲ ತಲೆಬಾಗುವಂಥವನು. ಆದರೆ ಆಡುವುದು ಹರಕುಮುರುಕು ಇಂಗ್ಲಿಷ್, ಜೊತೆಗೊಂದು ಗಾದೆ. ಚೀನಿ ನಟರಿಗೆ ಉಳಿದದ್ದು ಅವನ ಮಕ್ಕಳ ಪಾತ್ರ. ಅವರಿಗೆ ಅಚ್ಚ ಅಮೆರಿಕನ್ ಇಂಗ್ಲಿಷ್ ಬರುತ್ತಿತ್ತು, ಕೊಲೆಗಾರ ಮಾತ್ರ ಸಿಗುತ್ತಿರಲಿಲ್ಲ.

ಈ ಲೆಕ್ಕ ತಪ್ಪಿದ್ದು ಒಂದೇ ಸಲ. ಮೊನೊಗ್ರಾಮ್ ಎಂಬ ಅಗ್ಗದ ಚಿತ್ರಗಳ ಸ್ಟುಡಿಯೊ ಚಾನ್‌ಗೆ ಪೈಪೋಟಿಯಾಗಿ ಮಿಸ್ಟರ್ ವಾಂಗ್ ಎಂಬ ಇನ್ನೊಬ್ಬ ಚೀನಿ ಪತ್ತೇದಾರನನ್ನು ತೆರೆಗೆ ತಂದಿತ್ತು. ಐದು ಚಿತ್ರಗಳಲ್ಲಿ ಆ ಪಾತ್ರ ಮಾಡಿದವರು ‘ಫ್ರಾಂಕೆನ್‌ಸ್ಟೈನ್’ ಖ್ಯಾತಿಯ ಬೋರಿಸ್ ಕಾರ್ಲೋಫ್. (ರಷ್ಯನ್ ಎನಿಸುವ ಆ ಹೆಸರಿನ ಹಿಂದಿದ್ದವರು ವಿಲಿಯಂ ಹೆನ್ರಿ ಪ್ರ್ಯಾಟ್, ಭಾರತೀಯ ರಕ್ತವೂ ಸೇರಿದ್ದ ಆಂಗ್ಲ ಕುಟುಂಬದವರು.) 1940ರ ‘ಫ್ಯಾಂಟಮ್ ಆಫ್ ಚೈನಾಟೌನ್’ನಲ್ಲಿ ವಾಂಗ್ ಪಾತ್ರ ಕೀ ಲ್ಯೂಕ್‌ಗೆ ಬಂತು. ಮಂಗೋಲಿಯಾದಲ್ಲಿ ಮಿಂಗ್ ದೊರೆಯ ಗೋರಿ ಅಗೆದು ಬಂದ ಪ್ರೊಫೆಸರ್ ಒಬ್ಬ ಭಾಷಣದ ನಡುವೆಯೇ ವಿಷದಿಂದ ಸಾಯುತ್ತಾನೆ. ತನಿಖೆಗಿಳಿಯುವ ಯುವಕ ವಾಂಗ್ ಗಾದೆ ಹೇಳುವುದಿಲ್ಲ, ಬಾಗಿ ನಮಸ್ಕರಿಸುತ್ತ ನಿಲ್ಲುವುದೂ ಇಲ್ಲ. ಚೀನೀಯರೂ ಬಂದು ಜಾರ್ಜ್ ವಾಷಿಂಗ್ಟನ್‌ನ ಗೋರಿ ಅಗೆಯಲಿ ಎಂಬರ್ಥದ ಚುಚ್ಚುಮಾತೊಂದು ಚಿತ್ರದಲ್ಲಿ ಬರುತ್ತದೆ. ಚೀನೀಯರ ವಲಸೆ ತಡೆದಿದ್ದ 1882ರ ಕಾಯಿದೆ ಆಗಿನ್ನೂ ಜಾರಿಯಲ್ಲಿತ್ತು. ಅದು ರದ್ದಾದದ್ದು 1943ರಲ್ಲಿ. ಆಗಲೂ ಸಿಕ್ಕ ಅವಕಾಶ ವರ್ಷಕ್ಕೆ 105 ಮಂದಿಗೆ. ಚಿತ್ರವೇನೂ ಮೇರುಕೃತಿಯಲ್ಲ, ಅವಸರದ ಕೆಲಸ. ಆದರೂ ಆ ಒಂದು ಮಾತಿಗಾಗಿ ನೋಡಬೇಕು.

ಸರಣಿ ಅಲ್ಲಿಗೇ ನಿಂತಿತು. 1944ರಲ್ಲಿ ಅದೇ ಮೊನೊಗ್ರಾಮ್ ಚಾರ್ಲಿ ಚಾನ್ ಚಿತ್ರಗಳನ್ನು ಕೈಗೆತ್ತಿಕೊಂಡಾಗ ಕಾರಿನ ಡ್ರೈವರ್ ಆಗಿ ಕಪ್ಪು ಹಾಸ್ಯನಟ ಮ್ಯಾಂಟನ್ ಮೋರ್‌ಲ್ಯಾಂಡ್ ಸೇರಿಕೊಂಡರು. ಹೆಣ ಕಂಡರೆ ಕಣ್ಣರಳಿಸಿ ನಡುಗುವುದೇ ಅವರ ಕೆಲಸ. ನಿಜ ಹೇಳಬೇಕೆಂದರೆ ಆ ನಿಸ್ತೇಜ ಚಿತ್ರಗಳಲ್ಲಿ ಜೀವವಿದ್ದದ್ದು ಅವರೊಬ್ಬರಲ್ಲೇ. ಕಾಲ ಬದಲಾಗಿ ಇಂಥ ಪಾತ್ರಗಳು ಅವಮಾನಕರ ಎನಿಸತೊಡಗಿದಾಗ ಪಾತ್ರದೊಂದಿಗೆ ನಟನ ಅನ್ನವೂ ಹೋಯಿತು. ಬರೆದವರಿಗೆ ಏನೂ ಆಗಲಿಲ್ಲ.

ಕೀ ಲ್ಯೂಕ್ 1949ರ ‘ಸ್ಕೈ ಡ್ರ್ಯಾಗನ್’ನಲ್ಲಿ ಇನ್ನೊಮ್ಮೆ ಮಗನಾದರು. ಸರಣಿ ಅದರೊಂದಿಗೆ ಮುಗಿಯಿತು. ಚಾರ್ಲಿ ಚಾನ್ ಅವರ ಪಾಲಿಗೆ ಬಂದದ್ದು 1972ರಲ್ಲಿ, ಹಾನಾ-ಬಾರ್ಬೆರಾದ ಟಿವಿ ಕಾರ್ಟೂನ್ ಒಂದರಲ್ಲಿ. ಆಗ ಅವರಿಗೆ 68 ವರ್ಷ. ಬೇಕಾಗಿದ್ದದ್ದು ದನಿ ಮಾತ್ರ.