ಗೃಹವೇಧಶಾಲೆಯೂ ನಕ್ಷತ್ರಗಳ ಛಾಯಾಚಿತ್ರವೂ

ಗ್ರಹನಕ್ಷತ್ರಗಳ ಗತಿಸ್ಥಿತಿಗಳನ್ನು ಯಂತ್ರಸಹಾಯದಿಂದ ಅಳೆದು ನೋಡುವ ಸ್ಥಳಕ್ಕೆ ವೇಧಶಾಲೆಯೆಂದು ಹೆಸರು. ಈ ಹೆಸರನ್ನು ಕೇಳಿದೊಡನೆಯೇ ನಮ್ಮ ಕಣ್ಣಮುಂದೆ ನಿಲ್ಲುವುದು ಜಯಪುರದ ಅರಸರು ಕಟ್ಟಿಸಿದ ಮಹಾಯಂತ್ರಗಳು. ಇಲ್ಲವೆ ಸರ್ಕಾರದ ವೆಚ್ಚದಿಂದ ಬೆಟ್ಟದ ನೆತ್ತಿಯಲ್ಲಿ ಎದ್ದುನಿಂತ ಬಿಳಿಯ ಗುಮ್ಮಟಗಳು. ಆದರೆ ದಕ್ಷಿಣದೇಶದ ಖಗೋಲಶಾಸ್ತ್ರದ ಚರಿತ್ರೆಯನ್ನು ಸ್ವಲ್ಪ ಶೋಧಿಸಿ ನೋಡಿದರೆ ಬೇರೊಂದು ಸಂಗತಿಯು ತಿಳಿದುಬರುತ್ತದೆ. ಇಲ್ಲಿಯ ಹೆಸರಾಂತ ವೇಧಶಾಲೆಗಳಲ್ಲಿ ಕೆಲವು ಮೊದಲು ಹುಟ್ಟಿದುದು ಒಬ್ಬೊಬ್ಬ ಗೃಹಸ್ಥನ ಮನೆಯಲ್ಲಿ. ಒಬ್ಬನ ಹವ್ಯಾಸವಾಗಿ ಆರಂಭವಾದ ಕಾರ್ಯವು ಅವನ ತರುವಾಯವೂ ಬಾಳಿ ಲೋಕೋಪಕಾರಿಯಾದುದು ಹೇಗೆಂಬುದನ್ನು ವಿಚಾರಮಾಡುವುದೇ ಈ ಲೇಖನದ ಉದ್ದೇಶವು.

ಮೊದಲನೆಯದಾಗಿ ಮದರಾಸಿನ ಕಥೆಯನ್ನು ನೋಡೋಣ. ಈಸ್ಟ್ ಇಂಡಿಯಾ ಕಂಪೆನಿಯ ಅಧಿಕಾರಿಯಾಗಿದ್ದ ವಿಲಿಯಂ ಪೆಟ್ರಿ ಎಂಬಾತನು ೧೭೮೬ರಲ್ಲಿ ಎಗ್ಮೂರಿನ ತನ್ನ ಮನೆಯಲ್ಲಿ ಸ್ವಂತ ಹಣದಿಂದ ಒಂದು ಸಣ್ಣ ವೇಧಶಾಲೆಯನ್ನು ಏರ್ಪಡಿಸಿಕೊಂಡನು. ಅವನ ಯಂತ್ರಗಳು ಕಂಪೆನಿಯ ವಶಕ್ಕೆ ಬಂದು, ೧೭೯೨ರಲ್ಲಿ ನುಂಗಂಬಾಕದಲ್ಲಿ ಮದರಾಸು ವೇಧಶಾಲೆಯ ಕಟ್ಟಡವು ಎದ್ದಿತು. ಅದೇ ಪರಂಪರೆಯು ೧೮೯೯ರಲ್ಲಿ ಕೊಡೈಕನಾಲಿನ ಬೆಟ್ಟವನ್ನೇರಿ, ಅನಂತರ ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯಾಗಿ ಬೆಳೆದಿರುವುದು. ವಿಶಾಖಪಟ್ಟಣದಲ್ಲಿ ಗೋಡೆ ವೆಂಕಟ ಜಗ್ಗರಾಯರು ೧೮೪೦ರಲ್ಲಿ ತಮ್ಮ ತೋಟದ ಮನೆಯಲ್ಲಿ ವೇಧಶಾಲೆಯೊಂದನ್ನು ಸ್ಥಾಪಿಸಿದರು. ಅವರ ಅಳಿಯಂದಿರಾದ ನರಸಿಂಗರಾಯರು ಅದನ್ನು ೧೮೯೨ರಲ್ಲಿ ತಾವು ಕಾಲವಾಗುವ ತನಕ ಶ್ರದ್ಧೆಯಿಂದ ನಡೆಸಿಕೊಂಡು ಬಂದು, ೧೮೭೪ರಲ್ಲಿ ಶುಕ್ರನು ಸೂರ್ಯಬಿಂಬವನ್ನು ಹಾದುಹೋದ ಅಪೂರ್ವ ದೃಶ್ಯವನ್ನೂ ಅಲ್ಲಿಂದ ವೀಕ್ಷಿಸಿದರು.

ಈ ಹಿರಿಯರ ಕಾಲದಲ್ಲಿ ನೋಡುವ ಸಾಧನವು ಕಣ್ಣು, ಬರೆದಿಡುವ ಸಾಧನವು ಕೈ. ಛಾಯಾಚಿತ್ರಕಲೆಯು ಬಂದ ಮೇಲೆ ಈ ಸ್ಥಿತಿಯು ಬದಲಾಯಿತು. ಕಣ್ಣು ಎಷ್ಟು ಹೊತ್ತು ದಿಟ್ಟಿಸಿದರೂ ಮೊದಲ ಕ್ಷಣದಲ್ಲಿ ಕಂಡುದಕ್ಕಿಂತ ಬಹಳ ಹೆಚ್ಚನ್ನು ಕಾಣಲಾರದು. ಔಷಧ ಬಳಿದ ಗಾಜಿನ ಫಲಕವಾದರೋ ನಿಮಿಷ ನಿಮಿಷಕ್ಕೂ ಬೆಳಕನ್ನು ಕೂಡಿಹಾಕುತ್ತ ಹೋಗುತ್ತದೆ. ಈ ಗುಣವನ್ನು ಮೊದಲು ಚೆನ್ನಾಗಿ ಬಳಸಿಕೊಂಡವರಲ್ಲಿಯೂ ಮನೆಯಲ್ಲಿ ವೇಧಶಾಲೆ ಕಟ್ಟಿಕೊಂಡವರೇ ಮುಂದಾಳುಗಳು. ಅಮೆರಿಕದ ಹೆನ್ರಿ ಡ್ರೇಪರ್ ಎಂಬ ವೈದ್ಯನು ನ್ಯೂಯಾರ್ಕಿನ ಬಳಿಯ ತನ್ನ ಸ್ವಂತ ವೇಧಶಾಲೆಯಿಂದ ೧೮೮೦ರ ಸೆಪ್ಟೆಂಬರ್ ೩೦ರಂದು, ೧೧ ಅಂಗುಲದ ದೂರದರ್ಶಕವನ್ನು ೫೧ ನಿಮಿಷಗಳ ಕಾಲ ನಿಲ್ಲದೆ ನಡೆಸಿ, ಮಹಾವ್ಯಾಧಪುಂಜದ ನೀಹಾರಿಕೆಯ ಮೊದಲ ಛಾಯಾಚಿತ್ರವನ್ನು ತೆಗೆದನು. ಎರಡು ವರ್ಷಗಳಲ್ಲಿಯೇ ಅವನು ತೀರಿಕೊಂಡನು. ಆದರೆ ಅವನ ಪತ್ನಿಯು ಹಾರ್ವರ್ಡಿನ ವೇಧಶಾಲೆಗೆ ದ್ರವ್ಯವನ್ನೊದಗಿಸಿ ಆ ಕೆಲಸವು ನಿಲ್ಲದಂತೆ ಮಾಡಿದಳು. ಅದರ ಫಲವಾಗಿ ಎರಡು ಲಕ್ಷಕ್ಕೂ ಮೀರಿದ ತಾರೆಗಳನ್ನು ಅವುಗಳ ಬೆಳಕಿನ ಲಕ್ಷಣದಂತೆ ವಿಂಗಡಿಸಿದ ಪಟ್ಟಿಯು ೧೯೧೮ರಿಂದ ೧೯೨೪ರ ವರೆಗೆ ಪ್ರಕಟವಾಗಿ, ಡ್ರೇಪರನ ಹೆಸರಿನಿಂದಲೇ ಇಂದಿಗೂ ಬಳಕೆಯಲ್ಲಿದೆ.

ಕನ್ನಡನಾಡಿನ ಆಕಾಶವೂ ಈ ಕಾಲದಲ್ಲಿ ವಿದ್ವಾಂಸರ ಗಮನಕ್ಕೆ ಬಾರದೆ ಇರಲಿಲ್ಲ. ೧೮೬೮ರ ಆಗಸ್ಟ್ ೧೮ರ ಪೂರ್ಣ ಸೂರ್ಯಗ್ರಹಣವನ್ನು ಲೆಫ್ಟಿನೆಂಟ್ ಜಾನ್ ಹರ್ಷೆಲನು ಜಮಖಂಡಿಯಲ್ಲಿ ಬೀಡುಬಿಟ್ಟು ಮೋಡಗಳ ನಡುವೆ ವೀಕ್ಷಿಸಿದನು. ೧೮೭೧ರ ಡಿಸೆಂಬರ್ ೧೨ರ ಗ್ರಹಣಕ್ಕಾಗಿ ಲಾಕ್ಯರನ ತಂಡವು ಕಾಸರಗೋಡು ಸೀಮೆಯ ಬೇಕಲ ಕೋಟೆಯಲ್ಲಿ ಯಂತ್ರಗಳನ್ನು ನಿಲ್ಲಿಸಿ, ಸೂರ್ಯನ ಸುತ್ತಲಿನ ಪ್ರಭಾವಲಯದ ಛಾಯಾಚಿತ್ರಗಳನ್ನು ತೆಗೆಯಿತು. ಆದರೆ ಇವು ಒಂದು ದಿನದ ಜಾತ್ರೆಯಂತೆ ಬಂದುಹೋದ ಬೀಡುಗಳು. ರಾತ್ರಿ ರಾತ್ರಿಯೂ ಆಕಾಶವನ್ನು ಗಾಜಿನ ಮೇಲೆ ಬರೆದಿಡುವ ಕಾರ್ಯವು ನಮ್ಮ ನೆರೆಯಲ್ಲಿ ಆರಂಭವಾದುದು ಇಪ್ಪತ್ತನೆಯ ಶತಮಾನದಲ್ಲಿ, ನಿಜಾಮರ ಹೈದರಾಬಾದಿನಲ್ಲಿ. ಬೀದರ, ಕಲಬುರ್ಗಿ, ರಾಯಚೂರು ಸೀಮೆಗಳು ಆಗ ಆ ಸಂಸ್ಥಾನಕ್ಕೆ ಸೇರಿದ್ದುದರಿಂದ, ಅದರ ಬೊಕ್ಕಸಕ್ಕೆ ಕಂದಾಯ ತೆರುತ್ತಿದ್ದವರಲ್ಲಿ ಕನ್ನಡ ರೈತರೂ ಇದ್ದರೆಂಬುದನ್ನು ನಾವು ಮರೆಯಬಾರದು.

ಆ ಸಂಸ್ಥಾನದ ಸಿರಿವಂತ ಸರದಾರರಲ್ಲಿ ಒಬ್ಬರಾದ ನವಾಬ ಜಫರ್ ಜಂಗ್ ಬಹಾದ್ದೂರರು ಇಂಗ್ಲೆಂಡಿನಿಂದ ೧೫ ಅಂಗುಲದ ದೂರದರ್ಶಕವನ್ನು ತರಿಸಿ, ೧೯೦೧ರಲ್ಲಿ ಫಿಸಲ್‌ಬಂಡಾ ಎಂಬಲ್ಲಿ ತಮ್ಮ ವೇಧಶಾಲೆಯನ್ನು ಸ್ಥಾಪಿಸಿದರು. ಸಿರಿವಂತರು ಬೆಲೆಬಾಳುವ ಯಂತ್ರಗಳನ್ನು ತರಿಸುವುದು ಅಪರೂಪವಲ್ಲ. ಜಫರ್ ಜಂಗರ ಹಿರಿಮೆಯು ಮತ್ತೊಂದರಲ್ಲಿದೆ. ಅವರು ವೇಧಶಾಲೆಗೆ ತಮ್ಮ ಹೆಸರನ್ನಿಡದೆ ನಿಜಾಮಿಯಾ ಎಂದು ಸಂಸ್ಥಾನದ ಪ್ರಭುವಿನ ಹೆಸರಿಟ್ಟು, ತಮ್ಮ ಕಾಲಾನಂತರ ಸರ್ಕಾರವೇ ಅದನ್ನು ವಹಿಸಿಕೊಳ್ಳಬೇಕೆಂದು ಬೇಡಿಕೊಂಡರು. ಅವರು ತೀರಿಕೊಂಡ ಮೇಲೆ, ೧೯೦೮ರಲ್ಲಿ, ಸರ್ಕಾರವು ಹಾಗೆಯೇ ಮಾಡಿತು. ಚಾಟ್‌ವುಡ್ ಎಂಬವರು ಮೊದಲ ನಿರ್ದೇಶಕರಾದರು. ವೇಧಶಾಲೆಯು ಬೇಗಂಪೇಟೆಗೆ ಸ್ಥಳಾಂತರಗೊಂಡು, ೧೯೧೯ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾನಿಲಯದ ಆಡಳಿತಕ್ಕೆ ಬಂದಿತು.

ಅದಕ್ಕೆ ಒದಗಿಬಂದ ಕಾರ್ಯವಾದರೂ ಸಾಮಾನ್ಯವಾದುದಲ್ಲ. ೧೮೮೭ರಲ್ಲಿ ಪ್ಯಾರಿಸಿನಲ್ಲಿ ನೆರೆದ ಜ್ಯೋತಿರ್ವಿದರ ಮಹಾಸಭೆಯು ಸಮಸ್ತ ಆಕಾಶವನ್ನೂ ಛಾಯಾಚಿತ್ರಗಳಲ್ಲಿ ಹಿಡಿದು ತಾರೆಗಳ ಸ್ಥಾನಗಳನ್ನು ಪಟ್ಟಿಮಾಡಬೇಕೆಂದು ನಿಶ್ಚಯಿಸಿ, ಆಕಾಶವನ್ನು ಪಟ್ಟಿಗಳಾಗಿ ಸೀಳಿ ದೇಶದೇಶಗಳ ವೇಧಶಾಲೆಗಳಿಗೆ ಹಂಚಿಕೊಟ್ಟಿತ್ತು. ದಕ್ಷಿಣದ ೧೭ನೆಯ ಅಂಶದಿಂದ ೨೩ನೆಯ ಅಂಶದವರೆಗಿನ ಪಟ್ಟಿಯು ದಕ್ಷಿಣ ಅಮೆರಿಕದ ಸಾಂಟಿಯಾಗೋ ನಗರದ ಪಾಲಿಗೆ ಬಂದಿದ್ದು, ಅಲ್ಲಿ ಕೆಲಸವು ಸಾಗದೆ, ಕಡೆಗೆ ಹೈದರಾಬಾದಿಗೆ ಬಂದಿತು. ಚಳಿಗಾಲದ ರಾತ್ರಿ ಲುಬ್ಧಕ ನಕ್ಷತ್ರವನ್ನು ಗುರುತಿಸಬಲ್ಲ ವಾಚಕರು ಈ ಪಟ್ಟಿಯನ್ನು ತಾವೇ ಕಂಡುಕೊಳ್ಳಬಹುದು. ಲುಬ್ಧಕನಿಗೆ ತುಸು ದಕ್ಷಿಣದಲ್ಲಿಯೇ ಅದು ಮೊದಲಾಗುತ್ತದೆ. ಪ್ಯಾರಿಸಿನಲ್ಲಿ ಈ ಪಟ್ಟಿಯು ದಿಗಂತದಿಂದ ಇಪ್ಪತ್ತು ಅಂಶಗಳ ಆಸುಪಾಸಿಗೆ ಮಾತ್ರ ಏರುವುದು. ಹೈದರಾಬಾದಿನಲ್ಲಾದರೆ ಐವತ್ತು ಅಂಶಗಳನ್ನು ಮುಟ್ಟಿ ಏರುವುದು. ದಕ್ಖನಿನ ಆಕಾಶದ ಬೆಲೆಯು ಇದರಿಂದ ವ್ಯಕ್ತವಾಗುತ್ತದೆ.

ಕೆಲಸದ ಕ್ರಮವನ್ನು ಸ್ವಲ್ಪ ವಿವರಿಸಬೇಕು. ಒಂದೊಂದು ಫಲಕದಲ್ಲಿ ಎರಡು ಅಂಶ ಚೌಕದ ಆಕಾಶ, ಎಂದರೆ ನಾಲ್ಕು ಚಂದ್ರಬಿಂಬಗಳನ್ನು ಸಾಲಾಗಿ ಇಟ್ಟಷ್ಟು ಅಗಲ. ಅಂಶದ ಅರವತ್ತನೆಯ ಒಂದು ಭಾಗಕ್ಕೆ ಫಲಕದಲ್ಲಿ ಒಂದು ಮಿಲಿಮೀಟರಿನ ಅಳತೆ. ಭೂಮಿಯ ಭ್ರಮಣದಿಂದ ಆಕಾಶವು ನಿಮಿಷಕ್ಕೆ ಕಾಲು ಅಂಶದಷ್ಟು ಸರಿಯುವುದರಿಂದ, ದೂರದರ್ಶಕವನ್ನು ಕದಲಿಸದೆ ಬಿಟ್ಟರೆ ಒಂದೇ ನಿಮಿಷದಲ್ಲಿ ತಾರೆಯ ಚುಕ್ಕಿಯು ಹದಿನಾಲ್ಕು ಮಿಲಿಮೀಟರಿನ ಗೀರಾಗಿಬಿಡುವುದು. ಆದಕಾರಣ ದೂರದರ್ಶಕದ ಅಚ್ಚನ್ನು ಭೂಮಿಯ ಅಚ್ಚಿಗೆ ಸಮಾನಾಂತರವಾಗಿ ನಿಲ್ಲಿಸಿ, ೨೩ ಗಂಟೆ ೫೬ ನಿಮಿಷಕ್ಕೆ ಒಂದು ಸುತ್ತಿನಂತೆ ಗಡಿಯಾರದ ಯಂತ್ರದಿಂದ ತಿರುಗಿಸಬೇಕು. ಹೀಗೆ ತೆಗೆದ ಫಲಕಗಳಲ್ಲಿ ಪ್ರತಿಯೊಂದು ಚುಕ್ಕಿಯ ಸ್ಥಾನವನ್ನೂ ಸೂಕ್ಷ್ಮದರ್ಶಕದಿಂದ ಅಳೆದು ಅಂಕಿಗಳಲ್ಲಿ ಬರೆಯಬೇಕು. ಹೈದರಾಬಾದಿನಲ್ಲಿ ಈ ಕಾರ್ಯವು ೮ ಅಂಗುಲದ ಕುಕ್ ದೂರದರ್ಶಕದಿಂದ ನಡೆಯಿತು. ಪೊಕಾಕರೂ, ಅವರ ಬಳಿಕ ೧೯೧೮ರಿಂದ ೧೯೪೪ರ ವರೆಗೆ ಭಾಸ್ಕರನ್ ಅವರೂ ನಿರ್ದೇಶಕರಾಗಿದ್ದು ಇದನ್ನು ಮುಂದುವರಿಸಿದರು. ಉತ್ತರದ ೩೬ನೆಯ ಅಂಶದಿಂದ ೩೯ನೆಯ ಅಂಶದವರೆಗಿನ ಮತ್ತೊಂದು ಪಟ್ಟಿಯನ್ನೂ ವೇಧಶಾಲೆಯು ವಹಿಸಿಕೊಂಡು ಮುಗಿಸಿತು. ಲಕ್ಷಗಟ್ಟಲೆ ತಾರೆಗಳ ಸ್ಥಾನಗಳು ಹನ್ನೆರಡು ಸಂಪುಟಗಳಲ್ಲಿ ಅಚ್ಚಾದುವು. ಅಳೆದವರ, ಲೆಕ್ಕಹಾಕಿದವರ ಹೆಸರುಗಳು ಜನರಿಗೆ ತಿಳಿಯವು. ಅವರ ಅಂಕಿಗಳು ಮಾತ್ರ ಉಳಿದುವು.

ಈ ಅಂಕಿಗಳಿಂದ ಆದ ಪ್ರಯೋಜನವೇನು? ಬಹುಕಾಲ ಅವುಗಳನ್ನು ಕೇಳುವವರೇ ವಿರಳವಾಗಿದ್ದರು. ಆದರೆ ೧೯೮೯ರಲ್ಲಿ ಯೂರೋಪಿನವರು ಹಿಪ್ಪಾರ್ಕಸ್ ಎಂಬ ಉಪಗ್ರಹವನ್ನು ಹಾರಿಸಿ ತಾರೆಗಳ ಸ್ಥಾನಗಳನ್ನು ಬಹು ಸೂಕ್ಷ್ಮವಾಗಿ ಅಳೆದರು. ಈಗಿನ ಸ್ಥಾನವು ದೊರೆಯಿತು. ತಾರೆಯು ಯಾವ ದಿಕ್ಕಿಗೆ, ಎಷ್ಟು ವೇಗದಿಂದ ಸರಿಯುತ್ತಿದೆಯೆಂದು ಚೆನ್ನಾಗಿ ತಿಳಿಯಬೇಕಾದರೆ ಹಿಂದಿನ ಸ್ಥಾನವೂ ಬೇಕಲ್ಲವೆ? ಅದು ಇದ್ದುದು ಆ ಹಳೆಯ ಸಂಪುಟಗಳಲ್ಲಿ. ಮುಕ್ಕಾಲು ಶತಮಾನದಲ್ಲಿ ಅನೇಕ ತಾರೆಗಳು ಸರಿದ ದೂರವು ಆ ಗಾಜಿನ ಅಳತೆಯಲ್ಲಿ ಮಿಲಿಮೀಟರಿನ ನೂರನೆಯ ಒಂದು ಭಾಗದ ಸುಮಾರಿನದು. ಹೈದರಾಬಾದು ಮೊದಲಾದ ವೇಧಶಾಲೆಗಳ ಪಟ್ಟಿಗಳನ್ನೂ ಉಪಗ್ರಹದ ಅಳತೆಗಳನ್ನೂ ಹೋಲಿಸಿ, ಸುಮಾರು ೨೫ ಲಕ್ಷ ತಾರೆಗಳ ಸ್ಥಾನಚಲನೆಗಳನ್ನು ತಿಳಿಸುವ ಟೈಕೊ-೨ ಎಂಬ ಪಟ್ಟಿಯು ೨೦೦೦ದಲ್ಲಿ ಸಿದ್ಧವಾಯಿತು. ಮತ್ತೊಂದು ಫಲವನ್ನೂ ಹೇಳಬೇಕು. ನಿಜಾಮಿಯಾ ವೇಧಶಾಲೆಯಲ್ಲಿ ಸಹಾಯಕರಾಗಿದ್ದವರೊಬ್ಬರ ಮಗನೇ ವೇಣು ಬಾಪು ಅವರು. ಕಾವಲೂರಿನ ವೇಧಶಾಲೆಯನ್ನು ಸ್ಥಾಪಿಸಿ ಬೆಂಗಳೂರಿನ ಸಂಸ್ಥೆಯನ್ನು ರೂಪಿಸಿದ ಮಹನೀಯರು ಅವರೇ.

ಇನ್ನು ನಮ್ಮ ಸೀಮೆಯ ಮಾತು. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡಗಳ ಆಕಾಶದಲ್ಲಿ ಮಳೆಯ ಮೋಡಗಳು ವಿರಳವೆಂಬುದು ಮದಲೂರಿನ ಕೆರೆಯನ್ನು ನೋಡಿಕೊಂಡು ಬಾಳುವ ರೈತನಿಗೆ ಹೇಳಿಕೊಡಬೇಕಾದ ಸಂಗತಿಯಲ್ಲ. ಅವನಿಗೆ ದುಃಖವನ್ನು ತರುವ ಈ ನಿರ್ಮಲಾಕಾಶವೇ ಪಾವಗಡದ ತಿರುಮಣಿಯ ಬಳಿ ಬಿಸಿಲಿನಿಂದ ವಿದ್ಯುತ್ತನ್ನು ಪಡೆಯುವ ಮಹೋದ್ಯಮಕ್ಕೆ ಆಧಾರವಾಯಿತು. ಮಧುಗಿರಿಯ ಪೂರ್ವಕ್ಕೆ ಸಮೀಪದಲ್ಲಿಯೇ ಇರುವ ಗೌರಿಬಿದನೂರಿನಲ್ಲಿ ೧೯೭೬ರಲ್ಲಿ ಆಕಾಶದ ರೇಡಿಯೋ ತರಂಗಗಳನ್ನು ಹಿಡಿಯುವ ದೂರದರ್ಶಕವೂ ಸ್ಥಾಪಿತವಾಯಿತು. ಕಾರ್ತಿಕದ ಮಳೆ ಕಳೆದ ಮೇಲೆ ಫಾಲ್ಗುಣದವರೆಗೆ ಇಲ್ಲಿ ನಕ್ಷತ್ರಾವಲೋಕನಕ್ಕೆ ಯೋಗ್ಯವಾದ ರಾತ್ರಿಗಳು ಹಲವು ದೊರೆಯುತ್ತವೆ.

ಇಂಥ ಕಡೆಯಲ್ಲಿ ಮನೆಯೊಡೆಯನೊಬ್ಬನು ಸಣ್ಣ ವೇಧಶಾಲೆಯನ್ನು ಕಟ್ಟುವುದು ಈಗ ಅಸಾಧ್ಯವಲ್ಲ. ದೂರದರ್ಶಕದ ಕಂಬಕ್ಕೆ ಬೇರೆಯೇ ಬುನಾದಿಯನ್ನು ಹಾಕಿ, ಕೋಣೆಯ ನೆಲವು ಅದಕ್ಕೆ ತಗುಲದಂತೆ ಬಿಡಬೇಕು. ಇಲ್ಲವಾದರೆ ನಡೆದಾಡುವವರ ಹೆಜ್ಜೆಗೆ ಬಿಂಬವು ಅದುರುವುದು. ಗುಮ್ಮಟಕ್ಕೆ ಬದಲಾಗಿ ಗಾಲಿಗಳ ಮೇಲೆ ಹಿಂದಕ್ಕೆ ಸರಿಯುವ ತಗಡಿನ ಮಾಡು ಸಾಕು. ಮದಲೂರಿನಲ್ಲಿ ಧ್ರುವನಕ್ಷತ್ರವು ದಿಗಂತದಿಂದ ಸುಮಾರು ೧೪ ಅಂಶ ಮಾತ್ರ ಮೇಲಿರುವುದರಿಂದ ಯಂತ್ರದ ಅಚ್ಚು ಬಹುಮಟ್ಟಿಗೆ ನೆಲಕ್ಕೆ ಬಾಗಿಯೇ ನಿಲ್ಲುವುದು. ಉತ್ತರಕ್ಕೆ ಮರವಾಗಲಿ ಗೋಡೆಯಾಗಲಿ ಅಡ್ಡವಿರಕೂಡದು. ಬಯಲುಸೀಮೆಯ ಧೂಳು ಮಸೂರಗಳಿಗೆ ಶತ್ರು, ಹಗಲೆಲ್ಲ ಮುಚ್ಚಿಡಬೇಕು. ಗಾಜಿನ ಫಲಕದ ಸ್ಥಳದಲ್ಲಿ ಈಗ ವಿದ್ಯುತ್ ಕ್ಯಾಮೆರಾ ಬಂದಿರುವುದರಿಂದ ಹಲವು ಕಿರುಚಿತ್ರಗಳನ್ನು ಗಣಕಯಂತ್ರವು ಒಂದರ ಮೇಲೊಂದು ಕೂಡಿಸಿ, ಡ್ರೇಪರನು ಕಂಡಿರದಷ್ಟು ಮಸುಕಾದ ತಾರೆಗಳನ್ನೂ ತೋರಿಸುವುದು.

ಚಿತ್ರವನ್ನು ತೆಗೆಯುವ ಕಷ್ಟವು ಕಡಿಮೆಯಾದಂತೆ ಅದನ್ನು ಅಸಡ್ಡೆಯಿಂದ ಕಾಣುವುದೂ ಹೆಚ್ಚಾಗುತ್ತದೆ. ತೆಗೆದ ದಿನ, ಹೊತ್ತು, ಸ್ಥಳ, ಯಂತ್ರ, ಇವುಗಳನ್ನು ಬರೆದಿಡದ ಚಿತ್ರವು ನೋಡುವವರಿಗೆ ಆನಂದವನ್ನು ಕೊಡಬಹುದಲ್ಲದೆ ಶಾಸ್ತ್ರಕ್ಕೆ ಸಾಕ್ಷಿಯಾಗಲಾರದು. ತಾರೆಯ ಬೆಳಕಿನ ಏರಿಳಿತವನ್ನೋ ಧೂಮಕೇತುವಿನ ದಾರಿಯನ್ನೋ ವರ್ಷಗಟ್ಟಲೆ ಒಂದೇ ಕ್ರಮದಿಂದ ಗುರುತಿಸಿಟ್ಟ ಮನೆಯ ವೇಧಶಾಲೆಯು ಎಷ್ಟೇ ಸಣ್ಣದಾದರೂ ಕಾರ್ಯಕಾರಿಯಾದುದು. ನಮ್ಮ ಜಿಲ್ಲೆಯ ಬೆಳ್ಳಾವೆ ವೆಂಕಟನಾರಣಪ್ಪನವರು ವಿಜ್ಞಾನವನ್ನು ಕನ್ನಡದಲ್ಲಿ ಹೇಳುವುದು ಸಾಧ್ಯವೆಂದು ಶತಮಾನದ ಹಿಂದೆಯೇ ತಮ್ಮ ಪತ್ರಿಕೆಯ ಮೂಲಕ ತೋರಿಸಿಕೊಟ್ಟಿರುವಾಗ, ಈ ದಾಖಲೆಯ ಪುಸ್ತಕವೂ ಕನ್ನಡದಲ್ಲಿಯೇ ಇರಬಹುದು. ಜಫರ್ ಜಂಗರ ೧೫ ಅಂಗುಲದ ಯಂತ್ರವನ್ನು ಕೊಳ್ಳುವ ಶಕ್ತಿಯು ಎಲ್ಲರಿಗೂ ಇರದು. ತನ್ನ ತರುವಾಯ ಇದನ್ನು ಯಾವ ಶಾಲೆಗೆ, ಯಾವ ಕಾಲೇಜಿಗೆ ಒಪ್ಪಿಸಬೇಕೆಂದು ಬರೆದಿಡುವ ವಿವೇಕಕ್ಕೆ ಮಾತ್ರ ಹಣವು ಬೇಕಾಗಿಲ್ಲ. ಮಾಡನ್ನು ಕಟ್ಟುವ ದಿನವೇ ಆ ಬರಹವನ್ನೂ ಬರೆದಿಡುವುದು ಲೇಸು.