ವೃದ್ಧ ತಂದೆ-ತಾಯಿಗೆ ಬಂದದ್ದು ಹೊಸ ಕಾಯಿಲೆಯೋ, ಹಳೆಯ ಮಾತ್ರೆಯ ಅಡ್ಡಪರಿಣಾಮವೋ?

ಎಪ್ಪತ್ತು ದಾಟಿದ ಹಿರಿಯರೊಬ್ಬರಿಗೆ ರಕ್ತದೊತ್ತಡಕ್ಕೆಂದು ಅಮ್ಲೋಡಿಪಿನ್ ಮಾತ್ರೆ ಆರಂಭವಾಗುತ್ತದೆ ಎಂದಿಟ್ಟುಕೊಳ್ಳೋಣ. ಕೆಲವು ವಾರಗಳಲ್ಲಿ ಪಾದ, ಕಣಕಾಲು ಊದಿಕೊಳ್ಳುತ್ತವೆ. ಇದು ಆ ಮಾತ್ರೆಯ ಸಾಮಾನ್ಯ ಅಡ್ಡಪರಿಣಾಮ. ಆದರೆ ಅದನ್ನು ಹೊಸ ಕಾಯಿಲೆಯೆಂದು ಭಾವಿಸಿ, ಮೂತ್ರ ಹೆಚ್ಚಿಸುವ ಮತ್ತೊಂದು ಮಾತ್ರೆ ಸೇರಿಸಿದರೆ ಊತ ಪೂರ್ತಿ ಇಳಿಯುವುದಿಲ್ಲ. ಬದಲಿಗೆ ರಕ್ತದಲ್ಲಿ ಸೋಡಿಯಂ ಕುಸಿದು ಮಂಪರು, ತಲೆಸುತ್ತು ಆರಂಭವಾಗಬಹುದು. ರಾತ್ರಿ ಶೌಚಕ್ಕೆಂದು ಎದ್ದವರು ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳಲೂಬಹುದು.

ಹೀಗೆ ಒಂದು ಔಷಧದ ತೊಂದರೆಗೆ ಇನ್ನೊಂದು ಔಷಧ ಬೆಳೆಯುತ್ತ ಹೋಗುವ ಸರಪಳಿಯನ್ನು ವೈದ್ಯರಾದ ಪೌಲಾ ರೋಚನ್ ಮತ್ತು ಜೆರ್ರಿ ಗುರ್ವಿಟ್ಜ್ 1997ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ವಿವರಿಸಿದ್ದರು. ಅದನ್ನು ಮೊದಲ ಕೊಂಡಿಯಲ್ಲೇ ಗುರುತಿಸಲು ರೋಗಿಯನ್ನು ದಿನವೂ ನೋಡುವ ಮನೆಯವರ ನೆರವು ಅತ್ಯಗತ್ಯ.

ಹಿರಿಯರಿಗೇ ಏಕೆ ಹೆಚ್ಚು?

ವಯಸ್ಸಾದಂತೆ ಮೂತ್ರಪಿಂಡಗಳ ಶೋಧನಾ ಸಾಮರ್ಥ್ಯ ಕುಗ್ಗುತ್ತದೆ. ಸ್ನಾಯುಗಳು ಕರಗಿರುವುದರಿಂದ ಕ್ರಿಯಾಟಿನಿನ್ ಅಂಕಿ ಸಹಜವಾಗಿ ಕಂಡರೂ ಮೂತ್ರಪಿಂಡ ದುರ್ಬಲವಾಗಿರಬಹುದು. ದೇಹದಲ್ಲಿ ನೀರಿನಂಶ ಇಳಿದು ಕೊಬ್ಬಿನ ಪ್ರಮಾಣ ಏರುವುದರಿಂದ, ಡಯಾಜೆಪಾಮ್‌ನಂತಹ ನಿದ್ರೆಯ ಔಷಧದ ಪ್ರಭಾವ ದಿನಗಟ್ಟಲೆ ಉಳಿಯುತ್ತದೆ. ಅಡ್ಡಪರಿಣಾಮವು ಗೊಂದಲ, ಮರೆವು, ಹಸಿವಿಲ್ಲದಿರುವಿಕೆಯ ರೂಪದಲ್ಲಿ ಕಾಣಿಸಿಕೊಂಡಾಗ 'ವಯಸ್ಸಾಯಿತಲ್ಲ' ಎಂದು ಕಡೆಗಣಿಸುವುದೇ ಹೆಚ್ಚು.

ಯಾವ ಮಾತ್ರೆ, ಯಾವ ತೊಂದರೆ?

* ಎನಲಾಪ್ರಿಲ್, ರಾಮಿಪ್ರಿಲ್ (ರಕ್ತದೊತ್ತಡ): ಬಿಡದ ಒಣಕೆಮ್ಮು. ಇದಕ್ಕೆ ಕೆಮ್ಮಿನ ಸಿರಪ್ ಪರಿಹಾರವಲ್ಲ. ವೈದ್ಯರು ಮಾತ್ರೆಯನ್ನೇ ಬದಲಿಸಬಹುದು.

* ಗ್ಲಿಬೆನ್‌ಕ್ಲಮೈಡ್, ಗ್ಲಿಮೆಪಿರೈಡ್ (ಮಧುಮೇಹ): ಊಟ ತಡವಾದಾಗ ಅಥವಾ ಏಕಾದಶಿಯ ಉಪವಾಸದಂದು ಸಕ್ಕರೆ ಅಂಶ 70 ಮಿಲಿಗ್ರಾಂಗಿಂತ ಕೆಳಗಿಳಿದು ಬೆವರು, ನಡುಕ, ತೊದಲು ಮಾತು. ಎಚ್ಚರವಿದ್ದರೆ ತಕ್ಷಣ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಬೇಕು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಸೇರಿಸಬೇಕು. ಚೇತರಿಸಿಕೊಂಡರೂ ಸಕ್ಕರೆ ಮತ್ತೆ ಕುಸಿಯಬಹುದು, ನಿಗಾ ಅಗತ್ಯ.

* ಡೈಕ್ಲೋಫೆನಾಕ್, ಐಬುಪ್ರೊಫೆನ್ (ನೋವು): ಜಠರದಲ್ಲಿ ರಕ್ತಸ್ರಾವ, ರಕ್ತದೊತ್ತಡದ ಏರಿಕೆ, ಮೂತ್ರಪಿಂಡಕ್ಕೆ ಹಾನಿ. ಆಸ್ಪಿರಿನ್ ಜೊತೆ ಸೇರಿದರೆ ಅಪಾಯ ಇನ್ನೂ ಅಧಿಕ.

* ಕ್ಲೋರ್‌ಫೆನಿರಮಿನ್ (ನೆಗಡಿ ಮಾತ್ರೆಗಳಲ್ಲಿ ಇರುವಂಥದ್ದು): ಬಾಯಿ ಒಣಗುವುದು, ಮಲಬದ್ಧತೆ, ಮೂತ್ರ ಕಟ್ಟುವುದು, ಗೊಂದಲ.

* ಪ್ರಾಜೋಸಿನ್, ಟ್ಯಾಮ್ಸುಲೋಸಿನ್ (ರಕ್ತದೊತ್ತಡ, ಪ್ರಾಸ್ಟೇಟ್): ಎದ್ದು ನಿಂತೊಡನೆ ಕಣ್ಣು ಕತ್ತಲಿಡುವುದು. ಮಲಗಿದ್ದಾಗಿನ ರಕ್ತದೊತ್ತಡಕ್ಕಿಂತ ನಿಂತ 3 ನಿಮಿಷದೊಳಗೆ ಮೇಲಿನ ಅಂಕಿ 20ರಷ್ಟು ಇಳಿದರೆ ವೈದ್ಯರಿಗೆ ತಿಳಿಸಬೇಕು.

ಹಿರಿಯರಿಗೆ ಕೊಡಲು ಯೋಚಿಸಬೇಕಾದ ಔಷಧಗಳ ಪಟ್ಟಿಯನ್ನು ಅಮೆರಿಕದ ವೈದ್ಯ ಮಾರ್ಕ್ ಬಿಯರ್ಸ್ 1991ರಲ್ಲಿ ಪ್ರಕಟಿಸಿದ್ದರು. 2023ರಲ್ಲಿ ಪರಿಷ್ಕೃತವಾದ ಈ ಪಟ್ಟಿಯಲ್ಲಿ ಡಯಾಜೆಪಾಮ್, ಗ್ಲಿಬೆನ್‌ಕ್ಲಮೈಡ್, ಕ್ಲೋರ್‌ಫೆನಿರಮಿನ್ ಸೇರಿವೆ.

ಮನೆಯವರು ಮಾಡಬೇಕಾದ್ದೇನು?

ಹೃದ್ರೋಗ, ಮಧುಮೇಹ, ಮಂಡಿನೋವು ಹೀಗೆ ಒಂದೊಂದಕ್ಕೂ ಪ್ರತ್ಯೇಕ ವೈದ್ಯರಿದ್ದಾಗ, ಒಬ್ಬರು ಬರೆದದ್ದು ಇನ್ನೊಬ್ಬರಿಗೆ ತಿಳಿಯದೆ ಹೋಗಬಹುದು. ಆದ್ದರಿಂದ ಆಯುರ್ವೇದ ಔಷಧ, ಕಣ್ಣಿನ ಹನಿ, ಅಂಗಡಿಯಿಂದ ತಂದ ನೋವಿನ ಮಾತ್ರೆ ಸೇರಿದಂತೆ ಎಲ್ಲವನ್ನೂ ಒಂದೇ ಚೀಲದಲ್ಲಿ ಹಾಕಿ ವೈದ್ಯರಿಗೆ ತೋರಿಸುವುದು ಲೇಸು. ಪ್ರತಿ ಮಾತ್ರೆಯ ರಾಸಾಯನಿಕ ಹೆಸರು, ಪ್ರಮಾಣ, ಆರಂಭಿಸಿದ ದಿನಾಂಕವನ್ನು ಹಾಳೆಯಲ್ಲಿ ಬರೆದಿಡಬೇಕು. ಜನೌಷಧಿ ಕೇಂದ್ರದಿಂದ ತಂದ ಮಾತ್ರೆಯೂ ಮನೆಯಲ್ಲಿದ್ದ ಬ್ರಾಂಡ್ ಮಾತ್ರೆಯೂ ಒಂದೇ ಆಗಿದ್ದು, ಎರಡನ್ನೂ ನುಂಗುವ ಪ್ರಮಾದ ಇದರಿಂದ ತಪ್ಪುತ್ತದೆ. ಊರಿನಲ್ಲಿ ಒಂಟಿಯಾಗಿರುವ ಪೋಷಕರ ಮಾತ್ರೆ ಹಾಳೆಗಳ ಚಿತ್ರವನ್ನು ನಗರದಲ್ಲಿರುವ ಮಕ್ಕಳು ಮೊಬೈಲಿನಲ್ಲಿ ತರಿಸಿಕೊಳ್ಳಬಹುದು.

ಹೊಸ ಲಕ್ಷಣ ಕಂಡೊಡನೆ ಕೇಳಬೇಕಾದ ಮೊದಲ ಪ್ರಶ್ನೆ: ಕಳೆದ ಕೆಲವು ವಾರಗಳಲ್ಲಿ ಯಾವ ಮಾತ್ರೆ ಸೇರಿತು, ಯಾವುದರ ಪ್ರಮಾಣ ಬದಲಾಯಿತು? ಹಾಗೆಂದು ಔಷಧವನ್ನು ತಾವಾಗಿಯೇ ನಿಲ್ಲಿಸುವುದು ಅಪಾಯಕಾರಿ. ಮೆಟೊಪ್ರೊಲಾಲ್, ದೀರ್ಘಕಾಲದ ಪ್ರೆಡ್ನಿಸೊಲೋನ್, ನಿದ್ರೆ ಮಾತ್ರೆಗಳನ್ನು ಹಂತಹಂತವಾಗಿ ಇಳಿಸಬೇಕು. ಸ್ಟೆಂಟ್ ಹಾಕಿಸಿಕೊಂಡವರು ಕ್ಲೊಪಿಡೊಗ್ರೆಲ್ ಅನ್ನು ಹೃದ್ರೋಗ ತಜ್ಞರನ್ನು ಕೇಳದೆ ಬಿಡಬಾರದು. ಆದರೆ ಕಪ್ಪು ಮಲ, ಮುಖದ ಊತ, ಉಸಿರಾಟದ ತೊಂದರೆ ಕಂಡರೆ ತಡಮಾಡದೆ 108ಕ್ಕೆ ಕರೆ ಮಾಡಬೇಕು.

ಅಡ್ಡಪರಿಣಾಮಗಳನ್ನು ದಾಖಲಿಸಲೆಂದು 2010ರಲ್ಲಿ ಆರಂಭವಾದ ರಾಷ್ಟ್ರೀಯ ಔಷಧ ನಿಗಾ ಕಾರ್ಯಕ್ರಮವನ್ನು ಗಾಜಿಯಾಬಾದ್‌ನ ಭಾರತೀಯ ಫಾರ್ಮಕೋಪಿಯಾ ಆಯೋಗ ನಡೆಸುತ್ತಿದೆ. ರೋಗಿಗಳು, ಮನೆಯವರು 1800-180-3024 ಶುಲ್ಕರಹಿತ ಸಂಖ್ಯೆಗೆ ನೇರವಾಗಿ ವರದಿ ಮಾಡಬಹುದು.

ಆಸ್ಪತ್ರೆಯಿಂದ ಬಿಡುಗಡೆಯಾದಾಗ ಮತ್ತು ಆರು ತಿಂಗಳಿಗೊಮ್ಮೆಯಾದರೂ ಪೂರ್ಣ ಪಟ್ಟಿಯನ್ನು ವೈದ್ಯರ ಮುಂದಿಟ್ಟು, 'ಇವುಗಳಲ್ಲಿ ಈಗ ಯಾವುದನ್ನು ಬಿಡಬಹುದು?' ಎಂದು ಕೇಳುವುದು ಒಳಿತು.