ಪೋಕರ್ ಆಟದ ಹುಸಿಪಣ

ಪಗಡೆಯ ದಾಳ ಉರುಳಿದರೆ ಅದರ ಮೇಲಿನ ಗರವು ಸಭೆಗೆಲ್ಲಾ ಕಾಣುವುದು. ಧರ್ಮರಾಯನು ಸೋತುದು ಶಕುನಿಯ ಕೈಚಳಕಕ್ಕೇ ಹೊರತು ಅವನ ಮುಖಭಾವಕ್ಕಲ್ಲ. ಬಿದ್ದ ಗರವನ್ನು ಮರೆಮಾಚಿ ಬೇರೊಂದು ಬಿದ್ದಿತೆಂದು ನಟಿಸುವ ಅವಕಾಶವು ಆ ಜೂಜಿನಲ್ಲಿ ಇಬ್ಬರಿಗೂ ಇರಲಿಲ್ಲ. ಇಸ್ಪೀಟಿನ ಎಲೆಯು ಹಾಗಲ್ಲ. ಅದರ ಬೆನ್ನು ಊರಿಗೆಲ್ಲಾ ಕಾಣುವುದು, ಮುಖವು ಹಿಡಿದವನೊಬ್ಬನಿಗೆ ಮಾತ್ರ.

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಬೆಳೆದ ಪೋಕರ್ ಎಂಬ ಆಟವು ಈ ಮರೆಯ ಮೇಲೆಯೇ ನಿಂತಿದೆ. ಆಟಗಾರರು ಸರದಿಯಂತೆ ಪಣವನ್ನೊಡ್ಡುವರು. ಒಬ್ಬನು ಒಡ್ಡಿದ ಪಣಕ್ಕೆ ಸಮನಾಗಿ ಹಣ ಹಾಕಲೊಲ್ಲದವನು ತನ್ನ ಎಲೆಗಳನ್ನು ಕೆಳಗಿಟ್ಟು ಸರಿಯಬೇಕು. ಉಳಿದವರೆಲ್ಲರೂ ಸರಿದರೆ ಕೊನೆಗೆ ನಿಂತವನು ಎಲೆ ತೋರಿಸದೆಯೇ ನಡುವಿನ ರಾಶಿಯನ್ನು ಬಾಚಿಕೊಳ್ಳುವನು. ಆದುದರಿಂದ ಕೈಯಲ್ಲಿ ಏನೂ ಇಲ್ಲದವನೂ ದೊಡ್ಡ ಪಣವನ್ನೊಡ್ಡಿ ಇತರರನ್ನು ಹೆದರಿಸಿ ಗೆಲ್ಲಬಹುದು. ಇದಕ್ಕೆ ಇಂಗ್ಲಿಷಿನಲ್ಲಿ ಬ್ಲಫ್ ಎನ್ನುವರು, ಕನ್ನಡದಲ್ಲಿ ಹುಸಿಪಣವೆನ್ನಬಹುದು. ಹೊಸಬನು ಇದನ್ನು ಎಂದು ಒಡ್ಡಬೇಕು, ಎಂದು ಒಡ್ಡಬಾರದು ಎಂಬುದು ಧೈರ್ಯದ ಪ್ರಶ್ನೆಯೆಂದೇ ಬಹುಮಂದಿಯ ಭಾವನೆ. ಆಟದ ಚರಿತ್ರೆಯನ್ನು ನೋಡಿದರೆ ಅದು ಮೆಲ್ಲಮೆಲ್ಲನೆ ಲೆಕ್ಕದ ಪ್ರಶ್ನೆಯಾಗುತ್ತ ಬಂದಿರುವುದು ಕಾಣುತ್ತದೆ.

ಹೆಸರಿನಲ್ಲಿಯೇ ಹುಸಿಯ ವಾಸನೆಯುಂಟು. ಜರ್ಮನರ ಪ್ರಾಚೀನವಾದ ಪೋಖ್ ಆಟದ ಹೆಸರು ತಟ್ಟುವುದು, ಬಡಾಯಿ ಕೊಚ್ಚುವುದು ಎಂಬರ್ಥದ ಕ್ರಿಯಾಪದದಿಂದ ಬಂದುದು. ಅದರ ಫ್ರೆಂಚ್ ರೂಪ ಪೋಕ್. ಇಂಗ್ಲೆಂಡಿನಲ್ಲಿ ಬ್ರ್ಯಾಗ್ ಎಂಬ ಆಟವಿದ್ದಿತು; ಆ ಮಾತಿಗೂ ಬಡಾಯಿಯೆಂದೇ ಅರ್ಥ. ಎಡ್ಮಂಡ್ ಹಾಯ್ಲನು 1751ರಲ್ಲಿ ಅದನ್ನು ಕುರಿತು ಒಂದು ಚಿಕ್ಕ ಪುಸ್ತಕವನ್ನೇ ಬರೆದನು. ಈ ಬ್ರ್ಯಾಗಿನ ಮೂರೆಲೆಯ ಬಗೆಯು ಭಾರತಕ್ಕೆ ಬಂದು ತೀನ್ ಪತ್ತಿಯಾಯಿತು. ದೀಪಾವಳಿಯ ರಾತ್ರಿ ಎಲೆಯ ಮುಖವನ್ನು ನೋಡದೆಯೇ ಪಣ ಕಟ್ಟುವವರು ಪೋಕರಿಗರ ದಾಯಾದಿಗಳೇ ಸರಿ.

ಪೋಕರ್ ರೂಪುಗೊಂಡುದು 19ನೆಯ ಶತಮಾನದ ಆದಿಭಾಗದಲ್ಲಿ, ನ್ಯೂ ಆರ್ಲಿಯನ್ಸ್ ಪಟ್ಟಣದ ಸುತ್ತಿನಲ್ಲಿ. ಅಲ್ಲಿಂದ ಅದು ಮಿಸಿಸಿಪ್ಪಿ ನದಿಯ ಹೊಗೆಹಡಗುಗಳನ್ನೇರಿ ಮೇಲಕ್ಕೆ ಸಾಗಿತು. ಆಗ ಅದಕ್ಕೆ 20 ಎಲೆಗಳು ಮಾತ್ರ: ಎಕ್ಕ, ರಾಜ, ರಾಣಿ, ಗುಲಾಮ, ಹತ್ತು. ನಾಲ್ವರು ಕುಳಿತು ಐದೈದು ಎಲೆ ಹಂಚಿಕೊಂಡರೆ ಕಟ್ಟು ಮುಗಿಯಿತು. ಇನ್ನೊಂದು ಎಲೆಯನ್ನು ಕೇಳುವಂತಿಲ್ಲ. ಎದುರಾಳಿಯನ್ನು ಅಳೆಯಲು ಅವನ ಮುಖವೂ ಅವನ ಹಣವೂ ಅಲ್ಲದೆ ಬೇರೆ ಸಾಧನವಿಲ್ಲ. 1840ರ ದಶಕದ ನಿಯಮಪುಸ್ತಕಗಳಲ್ಲಿ ಈ ಆಟಕ್ಕೆ ಬ್ಲಫ್ ಎಂಬುದೇ ಇನ್ನೊಂದು ಹೆಸರಾಗಿದ್ದುದರಲ್ಲಿ ಆಶ್ಚರ್ಯವೇನು?

ಶತಮಾನದ ನಡುಭಾಗದ ಹೊತ್ತಿಗೆ 52 ಎಲೆಗಳ ಪೂರ್ಣ ಕಟ್ಟೂ, ಬೇಡದ ಎಲೆಗಳನ್ನು ಬಿಟ್ಟು ಬೇರೆ ಪಡೆಯುವ ಪದ್ಧತಿಯೂ ಬಳಕೆಗೆ ಬಂದುವು. ಇದರಿಂದ ಹುಸಿಪಣದ ಸ್ವರೂಪವೇ ಬದಲಾಯಿತು. ಮೂರು ಎಲೆ ಕೇಳಿದವನ ಕೈಯಲ್ಲಿ ಬಹುಶಃ ಒಂದು ಜೋಡಿಯಿದೆ; ಒಂದನ್ನೂ ಕೇಳದವನ ಕೈ ಆಗಲೇ ತುಂಬಿದೆ; ಹೀಗೆ ಪ್ರತಿಯೊಬ್ಬನ ನಡೆಯೂ ಒಂದು ಕಥೆಯನ್ನು ಹೇಳತೊಡಗಿತು. ಸುಳ್ಳು ಹೇಳುವವನಿಗೂ ಕಥೆಯ ಆದಿಮಧ್ಯಾಂತಗಳು ಹೊಂದಬೇಕಾಯಿತು. ಮೊದಲಿನಿಂದಲೂ ಪಣವನ್ನೇರಿಸಿ, ಎಲೆ ಬದಲಿಸದೆ, ಕೊನೆಗೂ ಪಣವನ್ನೊಡ್ಡಿದವನನ್ನು ಜನ ನಂಬುವರು. ಸುಮ್ಮನಿದ್ದು, ಮೂರು ಎಲೆ ಬೇಡಿ, ಮುಖ ಸಪ್ಪಗಾದ ಮೇಲೆ ಹಠಾತ್ತನೆ ರಾಶಿ ಸುರಿದವನನ್ನು ನಂಬುವವರು ವಿರಳ. ಹೊಸಬರು ಹಣ ಕಳೆಯುವುದು ಹೆಚ್ಚಾಗಿ ಈ ಎರಡನೆಯ ಬಗೆಯಲ್ಲಿ: ಆಶೆಯೆಲ್ಲಾ ಮುಗಿದ ಮೇಲೆ ಅವರಿಗೆ ಹುಸಿಪಣದ ನೆನಪಾಗುತ್ತದೆ.

ಇಪ್ಪತ್ತನೆಯ ಶತಮಾನದಲ್ಲಿ ಗಣಿತಜ್ಞರು ಈ ಮೇಜಿಗೆ ಬಂದರು. ಹಂಗೆರಿಯಲ್ಲಿ ಹುಟ್ಟಿದ ಜಾನ್ ವಾನ್ ನಾಯ್ಮನ್ನನು 1928ರಲ್ಲಿ ಆಟಗಳ ಗಣಿತಕ್ಕೆ ತಳಹದಿ ಹಾಕಿ, 1944ರಲ್ಲಿ ಆಸ್ಕರ್ ಮಾರ್ಗನ್‌ಸ್ಟರ್ನನೊಡನೆ ಪ್ರಕಟಿಸಿದ ಗ್ರಂಥದಲ್ಲಿ ಪೋಕರಿಗೆ ಒಂದು ಭಾಗವನ್ನು ಮೀಸಲಿಟ್ಟನು. ಹುಸಿಪಣಕ್ಕೆ ಎರಡು ಉದ್ದೇಶಗಳಿವೆಯೆಂದು ಅಲ್ಲಿ ಪ್ರತಿಪಾದಿತವಾಗಿದೆ. ಬಲವಿಲ್ಲದಾಗ ಬಲವಿರುವಂತೆ ತೋರಿ ಎದುರಾಳಿಯನ್ನು ಓಡಿಸುವುದು ಒಂದು. ಇವನು ಬಲವಿಲ್ಲದೆಯೂ ಪಣವೊಡ್ಡುವವನೆಂಬ ಸಂಶಯವನ್ನು ಬಿತ್ತಿ, ನಿಜವಾಗಿ ಬಲವಿದ್ದಾಗ ಎದುರಾಳಿಯು ಓಡದಂತೆ ಮಾಡುವುದು ಇನ್ನೊಂದು. ಸಿಕ್ಕಿಬಿದ್ದ ಸುಳ್ಳೂ ವ್ಯರ್ಥವಲ್ಲವೆಂಬ ಈ ಎರಡನೆಯ ಮಾತು ಜೂಜುಕೋರರಿಗೆ ಮಸುಕಾಗಿ ತಿಳಿದಿದ್ದುದೇ. ಅದಕ್ಕೆ ಪ್ರಮಾಣ ಕೊಟ್ಟುದು ಗಣಿತ.

1950ರಲ್ಲಿ ಹೆರಾಲ್ಡ್ ಕೂನ್ ಎಂಬ ಗಣಿತಜ್ಞನು ಪೋಕರನ್ನು ಮಕ್ಕಳೂ ಆಡಬಹುದಾದಷ್ಟಕ್ಕೆ ಇಳಿಸಿದನು. ಎಲೆಗಳು ಮೂರೇ: ರಾಜ, ರಾಣಿ, ಗುಲಾಮ. ಆಟಗಾರರು ಇಬ್ಬರು. ಇಬ್ಬರೂ ಒಂದೊಂದು ನಾಣ್ಯ ಹಾಕಿ ಒಂದೊಂದು ಎಲೆ ಹಿಡಿಯುವರು. ಮೇಲೆ ಇನ್ನೊಂದು ನಾಣ್ಯದ ಪಣವನ್ನೊಡ್ಡಬಹುದು. ಮೊದಲನೆಯವನು ಪಣವನ್ನೊಡ್ಡುವುದೇ ಆದರೆ, ರಾಜನನ್ನು ಹಿಡಿದು ಮೂರು ಸಲ ಒಡ್ಡಿದುದಕ್ಕೆ ಗುಲಾಮನನ್ನು ಹಿಡಿದು ಒಂದು ಸಲ ಒಡ್ಡಬೇಕೆಂದು ಲೆಕ್ಕ ಹೇಳುತ್ತದೆ. ಕಾರಣವು ಸ್ಪಷ್ಟ. ರಾಣಿಯನ್ನು ಹಿಡಿದ ಎದುರಾಳಿಗೆ ರಾಶಿಯಲ್ಲಿ ಮೂರು ನಾಣ್ಯ ಕಾಣುತ್ತದೆ. ಅದನ್ನು ಪಡೆಯಲು ಅವನು ಒಂದನ್ನು ಹಾಕಬೇಕು. ನಾಲ್ಕರಲ್ಲೊಂದಕ್ಕಿಂತ ಹೆಚ್ಚಾಗಿ ಹುಸಿಯಿದ್ದರೆ ಅವನು ಯಾವಾಗಲೂ ನಿಂತು ಲಾಭ ಮಾಡುವನು; ಕಡಿಮೆಯಿದ್ದರೆ ಯಾವಾಗಲೂ ಸರಿದು ನಷ್ಟ ತಪ್ಪಿಸಿಕೊಳ್ಳುವನು. ಇಲ್ಲಿ ಇನ್ನೊಂದು ಸ್ವಾರಸ್ಯವನ್ನು ಗಮನಿಸಬೇಕು: ಹುಸಿಗೆ ಬಳಕೆಯಾಗುವುದು ಗುಲಾಮ, ರಾಣಿಯಲ್ಲ. ರಾಣಿಯು ಸುಮ್ಮನಿದ್ದರೂ ಒಮ್ಮೊಮ್ಮೆ ಗೆಲ್ಲುವಳು. ಅವಳಿಂದ ಪಣವೊಡ್ಡಿದರೆ ಗುಲಾಮನು ಓಡುವನು, ರಾಜನೊಬ್ಬನೇ ನಿಲ್ಲುವನು. ನಡುತರದ ಎಲೆಗಳಿಂದ ಬೆದರಿಸಹೋಗುವ ಹೊಸಬನು ಮಾಡುವ ತಪ್ಪು ಇದೇ.

ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರು ರಚಿಸಿದ ಲಿಬ್ರೇಟಸ್ ಎಂಬ ಗಣಕಯಂತ್ರಕ್ರಮವು 2017ರ ಜನವರಿಯಲ್ಲಿ ನಾಲ್ವರು ವೃತ್ತಿಯಾಟಗಾರರೊಡನೆ 20 ದಿನಗಳಲ್ಲಿ 1,20,000 ಆಟಗಳನ್ನಾಡಿ ಗೆದ್ದಿತು. ಅದಕ್ಕೆ ಹುಸಿಪಣವನ್ನು ಯಾರೂ ಕಲಿಸಿರಲಿಲ್ಲ. ತನ್ನೊಡನೆ ತಾನೇ ಆಡುತ್ತ, ಹೆಮ್ಮೆಯೂ ಅಂಜಿಕೆಯೂ ಇಲ್ಲದ ಯಂತ್ರವು ಅದನ್ನು ತಾನಾಗಿಯೇ ಕಂಡುಕೊಂಡಿತು.

ಆದರೆ ಈ ಲೆಕ್ಕಗಳೆಲ್ಲವೂ ಎದುರಾಳಿಯು ಬುದ್ಧಿವಂತನೆಂದು ಭಾವಿಸುತ್ತವೆ. ಹೊಸಬನು ಆಡುವುದು ಸಾಮಾನ್ಯವಾಗಿ ಹೊಸಬರೊಡನೆ. ಅವರಿಗೆ ಸರಿಯುವುದೇ ತಿಳಿಯದು. ಒಂದು ಜೋಡಿ ಸಿಕ್ಕಿದರೆ ಕೊನೆಯವರೆಗೂ ಕಾಸು ಹಾಕಿ ನೋಡಿಯೇ ತೀರುವರು. ಇಂತಹ ಮೇಜಿನಲ್ಲಿ ನಾಯ್ಮನ್ನನ ಎರಡು ಉದ್ದೇಶಗಳೂ ಬಿದ್ದುಹೋಗುತ್ತವೆ. ಓಡದವನನ್ನು ಓಡಿಸಲಾಗದು, ಬಲವಾದ ಕೈಗೆ ಹೇಗೂ ಹಣ ಹಾಕುವವನಲ್ಲಿ ಸಂಶಯವನ್ನು ಬಿತ್ತಬೇಕಾದುದೂ ಇಲ್ಲ. ಅಲ್ಲಿ ಒಳ್ಳೆಯ ಎಲೆಗಾಗಿ ಕಾದು ಕುಳಿತವನೇ ಜಾಣ. ಹುಸಿಪಣಕ್ಕೆ ಸಲ್ಲುವವನು ಎಲೆ ಕೆಳಗಿಡಬಲ್ಲ ಎಚ್ಚರಿಕೆಯ ಆಟಗಾರನು. ಅದೂ ಒಬ್ಬನೇ ಎದುರಿಗಿದ್ದಾಗ. ರಾಶಿಯಲ್ಲಿ 100 ರೂಪಾಯಿಯಿದ್ದು 50 ಒಡ್ಡಿದರೆ ಮೂರರಲ್ಲೊಂದು ಸಲ ಎದುರಾಳಿ ಸರಿದರೆ ನಷ್ಟವಿಲ್ಲ. 100 ಒಡ್ಡಿದರೆ ಎರಡರಲ್ಲೊಂದು ಸಲ ಸರಿಯಬೇಕು. ಒಬ್ಬೊಬ್ಬನೂ ಅರ್ಧದಷ್ಟು ಸಲ ಸರಿಯುವವನಾದರೆ, ಮೂವರೂ ಒಟ್ಟಿಗೆ ಸರಿಯುವುದು ಎಂಟರಲ್ಲೊಂದು ಸಲ ಮಾತ್ರ. ಮೂವರನ್ನು ಬೆದರಿಸಹೊರಟವನು ಈ ಎಂಟನ್ನು ನೆನೆಯಬೇಕು.

ಪೂರ್ಣವಾಗಿ ಬರಿಗೈಯಲ್ಲದ ಹುಸಿಯೂ ಒಂದುಂಟು. ಈಗ ಏನೂ ಇಲ್ಲದಿದ್ದರೂ ಮುಂದಿನ ಎಲೆಯಿಂದ ಬಲಗೊಳ್ಳಬಹುದಾದ ಕೈಯಿಂದ ಪಣವೊಡ್ಡಿದರೆ, ಎದುರಾಳಿ ಸರಿದರೂ ಲಾಭ, ನಿಂತರೂ ಆಶೆಯುಳಿದಿರುವುದು. ಡೇವಿಡ್ ಸ್ಕ್ಲಾನ್ಸ್ಕಿ ಎಂಬ ಅಮೆರಿಕದ ಲೇಖಕನು ಇದನ್ನು ಸೆಮಿಬ್ಲಫ್, ಎಂದರೆ ಅರೆಹುಸಿಯೆಂದು ಕರೆದನು. ಹೊಸಬನಿಗೆ ಒಪ್ಪುವ ಹುಸಿ ಇದೇ.

2003ರಲ್ಲಿ ಲಾಸ್ ವೇಗಸ್ಸಿನ ವಿಶ್ವಸ್ಪರ್ಧೆಯಲ್ಲಿ ಇದಕ್ಕೆ ನಿದರ್ಶನ ದೊರೆಯಿತು. ಟೆನೆಸಿಯ ಲೆಕ್ಕಪತ್ರ ನೌಕರನಾದ ಕ್ರಿಸ್ ಮನಿಮೇಕರನು 86 ಡಾಲರಿನ ಅರ್ಹತಾ ಆಟವನ್ನು ಗೆದ್ದು 839 ಮಂದಿಯೊಳಗೊಬ್ಬನಾಗಿ ಬಂದು, ಕೊನೆಗೆ ಸ್ಯಾಮ್ ಫರ್ಹಾ ಎಂಬ ನುರಿತ ಆಟಗಾರನ ಎದುರಿಗೆ ಕುಳಿತನು. ಅಲ್ಲಿನ ಆಟದಲ್ಲಿ ಒಬ್ಬೊಬ್ಬನಿಗೂ ಮರೆಯ ಎಲೆ ಎರಡು. ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು ಎಲೆಗಳು ಹಂತಹಂತವಾಗಿ ಬೀಳುವುವು. ಮನಿಮೇಕರನಲ್ಲಿ ಇಸ್ಪೀಟಿನ ರಾಜನೂ ಆಟೀನಿನ ಏಳೂ ಇದ್ದುವು. ನಾಲ್ಕು ಎಲೆ ಬಿದ್ದಾಗಲೂ ಅವನಿಗೆ ಜೋಡಿಯಿಲ್ಲ. ಆದರೆ ಅವನಿಗೆ ಕಾಣದ 46 ಎಲೆಗಳಲ್ಲಿ 15 ಬಂದರೆ ಒಂದೇ ಬಣ್ಣದ ಐದೋ, ಸಾಲಾದ ಐದೋ ಕೂಡುತ್ತಿದ್ದುವು. ಅವನು ಪಣವನ್ನೇರಿಸಿದನು, ಅದು ಅರೆಹುಸಿ. ಐದನೆಯ ಎಲೆ ಕೈಕೊಟ್ಟಿತು. ಆಗ ತನ್ನಲ್ಲಿದ್ದುದೆಲ್ಲವನ್ನೂ ಮುಂದಕ್ಕೆ ತಳ್ಳಿದನು, ಅದು ಪೂರ್ಣಹುಸಿ. ಅವನ ಕಥೆ ಮೊದಲಿನಿಂದಲೂ ಹೊಂದಿತ್ತು, ಎದುರಿಗಿದ್ದವನು ಒಬ್ಬನೇ, ಅವನೂ ಎಲೆ ಕೆಳಗಿಡಬಲ್ಲವನು. ಫರ್ಹಾ ಬಹಳ ಹೊತ್ತು ಯೋಚಿಸಿ, ಗೆಲ್ಲುವಂತಿದ್ದ ಒಂಬತ್ತರ ಜೋಡಿಯನ್ನು ಕೆಳಗಿಟ್ಟನು. ಮನಿಮೇಕರನು 25 ಲಕ್ಷ ಡಾಲರುಗಳ ಬಹುಮಾನವನ್ನು ಪಡೆದನು.

ಮರೆಯ ಎಲೆಗಳನ್ನೂ ತೋರಿಸುವ ಕ್ಯಾಮರಾಗಳ ಮೂಲಕ ಈ ಆಟವನ್ನು ಮನೆಮನೆಗಳಲ್ಲಿ ಕಂಡ ಜನರು ಸ್ಪರ್ಧೆಗೆ ಮುಗಿಬಿದ್ದರು: 2004ರಲ್ಲಿ 2,576 ಮಂದಿ, 2006ರಲ್ಲಿ 8,773 ಮಂದಿ. ಅವರು ದೂರದರ್ಶನದಲ್ಲಿ ಕಂಡುದು ಆಯ್ದು ಜೋಡಿಸಿದ ಕೆಲವೇ ಆಟಗಳನ್ನು. ಮನಿಮೇಕರನು ಗಂಟೆಗಟ್ಟಲೆ ಎಲೆಗಳನ್ನು ಸುಮ್ಮನೆ ಕೆಳಗಿಟ್ಟು ಕುಳಿತಿದ್ದ ಭಾಗವನ್ನು ತೋರಿಸಿರಲಿಲ್ಲ.